ಹಗುರ ಲ್ಯಾಪ್‌ಟಾಪ್: ಚಿಕ್ಕದು ಕೊಳ್ಳುವುದೋ, ದೊಡ್ಡದು ಕೊಳ್ಳುವುದೋ?

ಪ್ರಶ್ನೆ: ನಾನು ಶಾಸನಗಳ ಮೇಲೆ ಪಿಎಚ್.ಡಿ. ಸಂಶೋಧನೆ ಮಾಡುತ್ತಿದ್ದೇನೆ. ಎಂ4 ಚಿಪ್ ಇರುವ ಆಪಲ್ ಕಂಪನಿಯ ಮ್ಯಾಕ್‌ಬುಕ್ ಏರ್ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ, ಆದರೆ 13 ಇಂಚಿನದೋ 15 ಇಂಚಿನದೋ ಎಂಬುದು ಎರಡು ತಿಂಗಳಾದರೂ ಬಗೆಹರಿದಿಲ್ಲ. ದಿನಕ್ಕೆ ಐದಾರು ಗಂಟೆ ಗ್ರಂಥಾಲಯದಲ್ಲಿ ಕೂರುತ್ತೇನೆ. ಪರದೆಯ ಒಂದು ಪಕ್ಕದಲ್ಲಿ ಶಾಸನ ಸಂಪುಟದ ಸ್ಕ್ಯಾನ್ ಪುಟ, ಇನ್ನೊಂದು ಪಕ್ಕದಲ್ಲಿ ನನ್ನ ಬರಹ ಇರಬೇಕು. ತಿಂಗಳಿಗೆ ಎರಡು ಸಲ ಕ್ಷೇತ್ರಕಾರ್ಯಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಹಾಸ್ಟೆಲ್ ಕೋಣೆಯಲ್ಲಿ ಮೂವರಿಗೆ ಒಂದೇ ಮೇಜು. ಹೊರುವವಳು ನೀನೇ, ಚಿಕ್ಕದನ್ನೇ ತೆಗೆದುಕೋ ಎಂದು ಗೆಳತಿಯರು ಹೇಳುತ್ತಾರೆ. ತಮ್ಮ ಸಲಹೆ ಏನು?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬಸ್ಸಿನ ಪ್ರಯಾಣವಲ್ಲ, ಮೂವರಿಗೆ ಒಂದೇ ಮೇಜು ಎಂಬ ಮಾತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಗೆಳತಿಯರು ಎತ್ತಿರುವ ಹೊರೆಯ ಪ್ರಶ್ನೆಯನ್ನು ನೋಡೋಣ.

13 ಇಂಚಿನ ಏರ್ 1.24 ಕಿಲೊ ತೂಗುತ್ತದೆ, 15 ಇಂಚಿನದು 1.51 ಕಿಲೊ. ವ್ಯತ್ಯಾಸ 270 ಗ್ರಾಂ, ಎಂದರೆ ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್ಟಿನ ಸರಿಸುಮಾರು ಅರ್ಧ. ಅಂಗಡಿಯಲ್ಲಿ ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಆದರೆ ಚಾರ್ಜರು, ಎರಡು ಪುಸ್ತಕ, ಒಂದು ಲೀಟರಿನ ನೀರಿನ ಬಾಟಲಿ ಇರುವ ಚೀಲಕ್ಕೆ ಸೇರಿಸಿ ಹೆಗಲಿಗೆ ಹಾಕಿಕೊಂಡರೆ ಯಾವುದು ಒಳಗಿದೆ ಎಂದು ಹೇಳುವುದು ಕಷ್ಟ. ತಿಂಗಳಿಗೆ ಎರಡು ಪ್ರಯಾಣದ ಸಲುವಾಗಿ ಈ 270 ಗ್ರಾಮಿಗೆ ಹೆದರುವ ಅಗತ್ಯವಿಲ್ಲ.

ಹೆದರಬೇಕಾದದ್ದು ಅಗಲಕ್ಕೆ. ಒಂದು ಎ4 ಹಾಳೆಯನ್ನು ಅಡ್ಡಲಾಗಿ ಮೇಜಿನ ಮೇಲಿಡಿ; ಅದು 29.7 ಸೆಂ.ಮೀ. ಅಗಲ, 21 ಸೆಂ.ಮೀ. ಆಳ ಇರುತ್ತದೆ. ಚಿಕ್ಕ ಏರ್ 30.4 ಸೆಂ.ಮೀ. ಅಗಲ, 21.5 ಸೆಂ.ಮೀ. ಆಳ ಇರುವುದರಿಂದ ಆ ಹಾಳೆಯನ್ನು ಮುಚ್ಚಿ ಸ್ವಲ್ಪವೇ ಹೊರಗೆ ಚಾಚಿಕೊಳ್ಳುತ್ತದೆ. ದೊಡ್ಡದು 34 ಸೆಂ.ಮೀ. ಅಗಲ, 23.8 ಸೆಂ.ಮೀ. ಆಳ. ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನು ಹತ್ತಿರವಿದ್ದಾಗ ಪರದೆಯನ್ನು ಪೂರ್ತಿ ತೆರೆಯಲು ಬಿಡದಿರುವುದು ಈ ಆಳವೇ, ಪಕ್ಕದವರ ಮೊಣಕೈಗೆ ತಾಗುವುದು ಈ ಅಗಲವೇ. ನೀವು ಬಸ್ಸಿನಲ್ಲಿ ಕೆಲಸ ಮಾಡುವವರಾಗಿದ್ದರೆ ನನ್ನ ಸಲಹೆ ಇಲ್ಲಿಗೇ ತಿರುಗುತ್ತಿತ್ತು. ಆದರೆ ನೀವು ಬಸ್ಸಿನಲ್ಲಿ ಹೋಗುತ್ತೇನೆ ಎಂದು ಬರೆದಿದ್ದೀರಿ, ಬಸ್ಸಿನಲ್ಲಿ ಬರೆಯುತ್ತೇನೆ ಎಂದಿಲ್ಲ. ನಮ್ಮ ರಸ್ತೆಗಳಲ್ಲಿ ಕುಲುಕುವ ಬಸ್ಸಿನೊಳಗೆ ಶಾಸನಪಾಠ ಓದುವುದು ಕಣ್ಣಿಗೂ ಒಳ್ಳೆಯದಲ್ಲ.

ಇನ್ನು ಪರದೆಯ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲಿಯೇ. ಚಿಕ್ಕದರ ಪರದೆ ವಾಸ್ತವವಾಗಿ 13.6 ಇಂಚು, 2560 ಅಡ್ಡ 1664 ಚುಕ್ಕೆಗಳದು, ದೊಡ್ಡದು 15.3 ಇಂಚು, 2880 ಅಡ್ಡ 1864 ಚುಕ್ಕೆಗಳದು. ಎರಡರಲ್ಲೂ ಒಂದು ಇಂಚಿಗೆ 224 ಚುಕ್ಕೆಗಳೇ ಇರುವುದರಿಂದ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಅಕ್ಷರಗಳ ಗಾತ್ರವಾಗಲಿ ಸ್ಪಷ್ಟತೆಯಾಗಲಿ ಬೇರೆಯಾಗುವುದಿಲ್ಲ. ದೊಡ್ಡದರಲ್ಲಿ ನಿಮಗೆ ಸಿಗುವುದು ಶೇಕಡ 26ರಷ್ಟು ಹೆಚ್ಚು ಜಾಗ. ಆ ಜಾಗ ನಿಮ್ಮ ಕೆಲಸಕ್ಕೆ ಏನು ಮಾಡುತ್ತದೆ ಎಂದು ಅಳೆದು ನೋಡಿ: ಚಿಕ್ಕದರ ಪರದೆ 29 ಸೆಂ.ಮೀ. ಅಗಲವಿದೆ, ಎರಡು ಭಾಗ ಮಾಡಿದರೆ ಒಂದೊಂದು ಪಾಲಿಗೆ ಹದಿನಾಲ್ಕೂವರೆ ಸೆಂ.ಮೀ. ಬರುತ್ತದೆ. 21 ಸೆಂ.ಮೀ. ಅಗಲದ ಎ4 ಪುಟ ಆ ಪಾಲಿನಲ್ಲಿ ಕೂರಬೇಕಾದರೆ ಮೂಲ ಗಾತ್ರದ ಶೇಕಡ 69ಕ್ಕೆ ಕುಗ್ಗಬೇಕು. ದೊಡ್ಡದರಲ್ಲಿ ಒಂದು ಪಾಲಿಗೆ 16.3 ಸೆಂ.ಮೀ. ಬರುತ್ತದೆ, ಪುಟ ಶೇಕಡ 78ರ ಗಾತ್ರದಲ್ಲಿ ನಿಲ್ಲುತ್ತದೆ.

ಇಂಗ್ಲಿಷ್ ಓದುವವರಿಗೆ ಈ ಒಂಬತ್ತರ ಅಂತರ ದೊಡ್ಡದಲ್ಲದಿರಬಹುದು. ಕನ್ನಡ ಓದುವವರಿಗೆ ದೊಡ್ಡದು. ಪ-ಫ, ದ-ಧ, ಡ-ಢ, ಬ-ಭ ಈ ಜೋಡಿಗಳಲ್ಲಿ ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡುವುದು ಅಡಿಯ ಒಂದು ಸಣ್ಣ ಸೀಳು ಮಾತ್ರ. ಹಳೆಯ ಅಚ್ಚಿನ ಸ್ಕ್ಯಾನ್ ಪ್ರತಿಯಲ್ಲಿ ಆ ಸೀಳು ಮೊದಲೇ ಅರ್ಧ ಮುಚ್ಚಿಹೋಗಿರುತ್ತದೆ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂರುತ್ತವೆ. ‘ಶಾಸ್ತ್ರ’, ‘ರಾಷ್ಟ್ರ’ದಂತಹ ಪದಗಳಲ್ಲಿ ಒತ್ತಿಗೆ ಇನ್ನೊಂದು ಒತ್ತು ಜೋತುಬಿದ್ದಿರುತ್ತದೆ. ಕುಗ್ಗಿದ ಪುಟದಲ್ಲಿ ಇವನ್ನು ಗುರುತಿಸಲು ಪ್ರತಿ ಸಾಲಿಗೂ ಹಿಗ್ಗಿಸಿ ಕುಗ್ಗಿಸಿ ನೋಡಬೇಕಾಗುತ್ತದೆ. ಪಾಠ ನಿರ್ಣಯಿಸುವವರಿಗೆ ಇದು ಬರಿಯ ಕಿರಿಕಿರಿಯಲ್ಲ, ತಪ್ಪು ನುಸುಳುವ ದಾರಿ. ಈ ಪತ್ರಿಕೆಯ ಕರಡುಗಳನ್ನು 13 ಇಂಚಿನ ಪರದೆಯಲ್ಲಿ ತಿದ್ದುವಾಗ ನಾನೇ ಎಷ್ಟೋ ಸಲ ‘ದನ’ವನ್ನು ‘ಧನ’ವೆಂದು ಓದಿ ಮುಂದೆ ಹೋಗಿದ್ದೇನೆ.

ಹಾಗಿದ್ದರೂ ನಾನು ಇಂದಿಗೂ ಚಿಕ್ಕದನ್ನೇ ಇಟ್ಟುಕೊಂಡಿದ್ದೇನೆ, ಮತ್ತು ಮೇಜಿನ ಮಾತು ಬರುವುದು ಇಲ್ಲಿ. ನನ್ನ ಮನೆಯಲ್ಲಿ ಸ್ಥಿರವಾದ ಒಂದು ಮೇಜಿದೆ, ಅದರ ಮೇಲೆ 27 ಇಂಚಿನ ಮಾನಿಟರ್ ಇದೆ. ಓದುವ ಕೆಲಸವೆಲ್ಲ ಅದರಲ್ಲಿ, ಚಿಕ್ಕ ಲ್ಯಾಪ್‌ಟಾಪು ಹೊರಗಿನ ಓಡಾಟಕ್ಕೆ. ಎಂ4 ಮಾದರಿ 2025ರ ಮಾರ್ಚಿನಲ್ಲಿ ಬಂದಾಗ ನಮ್ಮ ದೇಶದಲ್ಲಿ ಚಿಕ್ಕದರ ಆರಂಭಿಕ ಬೆಲೆ 99,900 ರೂಪಾಯಿ, ದೊಡ್ಡದರದು 1,24,900 ರೂಪಾಯಿ ಇತ್ತು. ಈ 25 ಸಾವಿರದ ಆಸುಪಾಸಿನಲ್ಲಿ 27 ಇಂಚಿನ ಒಂದು 4ಕೆ ಮಾನಿಟರನ್ನೇ ಕೊಳ್ಳಬಹುದು. (ಹತ್ತು ಸಾವಿರಕ್ಕೆ ಸಿಗುವ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಒಂದು ಇಂಚಿಗೆ 92 ಚುಕ್ಕೆಗಳಷ್ಟೇ ಇರುತ್ತವೆ, ಒತ್ತಕ್ಷರಗಳು ಮಸುಕಾಗುವುದರಿಂದ ಕನ್ನಡ ಕರಡು ತಿದ್ದುವವರಿಗೆ ನಾನು ಅದನ್ನು ಹೇಳುವುದಿಲ್ಲ.) ಸ್ವಂತ ಮೇಜಿರುವ ಯಾರಾದರೂ ಕೇಳಿದ್ದರೆ, ಚಿಕ್ಕದನ್ನು ಕೊಂಡು ಉಳಿದ ಹಣವನ್ನು ಮಾನಿಟರಿಗೆ ಹಾಕಿ ಎಂದು ನಿಸ್ಸಂಕೋಚವಾಗಿ ಬರೆಯುತ್ತಿದ್ದೆ.

ನಿಮಗೆ ಆ ಮೇಜಿಲ್ಲ. ಗ್ರಂಥಾಲಯಕ್ಕೆ ಮಾನಿಟರನ್ನು ಒಯ್ಯಲಾಗದು, ಹಾಸ್ಟೆಲಿನಲ್ಲಿ ಇಡಲು ಜಾಗವಿಲ್ಲ, ಇನ್ನು ಎರಡು ಮೂರು ವರ್ಷದಲ್ಲಿ ಎಲ್ಲಿರುತ್ತೀರೋ ಗೊತ್ತಿಲ್ಲ. ನಿಮ್ಮ ಪಾಲಿಗೆ ಲ್ಯಾಪ್‌ಟಾಪಿನ ಪರದೆಯೇ ಇರುವ ಒಂದೇ ಪರದೆ. ಆದ್ದರಿಂದ 15 ಇಂಚಿನದನ್ನು ಕೊಳ್ಳಿ. ವಿದ್ಯಾರ್ಥಿಗಳಿಗೆ ಆಪಲ್ ರಿಯಾಯಿತಿ ಕೊಡುತ್ತದೆ. ಬಿಡುಗಡೆಯ ಸಮಯದಲ್ಲಿ ದೊಡ್ಡದರ ರಿಯಾಯಿತಿ ಬೆಲೆ 1,14,900 ರೂಪಾಯಿ ಇತ್ತು, ಗುರುತಿನ ಚೀಟಿ ಒಯ್ದು ಕೇಳಿ ನೋಡಿ.

ಇನ್ನೆರಡು ಸಣ್ಣ ವಿಷಯಗಳು. ದೊಡ್ಡದರ ಬ್ಯಾಟರಿ 66.5 ವ್ಯಾಟ್-ಅವರ್, ಚಿಕ್ಕದರದು 53.8. ಆದರೂ ಎರಡಕ್ಕೂ ಕಂಪನಿ ಹೇಳುವ ವಿಡಿಯೊ ಅವಧಿ 18 ಗಂಟೆಯೇ, ಏಕೆಂದರೆ ಹೆಚ್ಚಿನ ಬ್ಯಾಟರಿಯನ್ನು ಹೆಚ್ಚಿನ ಪರದೆ ಬೆಳಗಲು ಖರ್ಚು ಮಾಡುತ್ತದೆ; ಬ್ಯಾಟರಿಗಾಗಿ ದೊಡ್ಡದನ್ನು ಆರಿಸಬೇಕಿಲ್ಲ. ಕೀಲಿಮಣೆ ಎರಡರಲ್ಲೂ ಒಂದೇ ಗಾತ್ರದ್ದು. ಕೊಳ್ಳುವ ಮೊದಲು 34 ಅಡ್ಡ 24 ಸೆಂ.ಮೀ. ಅಳತೆಯ ಒಂದು ರಟ್ಟನ್ನು ಕತ್ತರಿಸಿ, ನಿಮ್ಮ ಚೀಲದಲ್ಲಿ ಅದು ಬಾಗದೆ ಕೂರುತ್ತದೆಯೇ, ಗ್ರಂಥಾಲಯದ ಮೇಜಿನಲ್ಲಿ ತೆರೆದ ಸಂಪುಟದ ಪಕ್ಕದಲ್ಲಿ ಅದಕ್ಕೆ ಜಾಗವಿದೆಯೇ ಎಂದು ಒಂದು ದಿನ ಪರೀಕ್ಷಿಸಿ.

ಪ್ರಶ್ನೆ: ನಾನು ತೆರಿಗೆ ಸಲಹೆಗಾರ. ಗಿರಾಕಿಗಳ ಅಂಗಡಿಗೇ ಹೋಗಿ ಟ್ಯಾಲಿಯಲ್ಲಿ ಲೆಕ್ಕ ನೋಡುತ್ತೇನೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತೇನೆ. ಈಗಿನ ಲ್ಯಾಪ್‌ಟಾಪ್ 15.6 ಇಂಚಿನದು, ಎರಡೂಕಾಲು ಕಿಲೊ ಇದೆ; ಸ್ಕೂಟರಿನಲ್ಲಿ ಓಡಾಡಿ ಬೆನ್ನು ನೋಯುತ್ತಿದೆ. 14 ಇಂಚಿನ ಹಗುರದ್ದಕ್ಕೆ ಇಳಿಯಬಹುದೇ?
— ಓದುಗರು, ದಾವಣಗೆರೆ

ಉತ್ತರ: ತೂಕ ಇಳಿಸಲು ಗಾತ್ರ ಇಳಿಸಲೇಬೇಕು ಎಂಬ ಕಾಲ ಕಳೆಯಿತು. ಎಲ್‌ಜಿ ಕಂಪನಿಯ ಗ್ರಾಮ್ ಮಾದರಿಗಳಲ್ಲಿ 16 ಇಂಚಿನದು ಸುಮಾರು 1.2 ಕಿಲೊ, 17 ಇಂಚಿನದು 1.35 ಕಿಲೊ ತೂಗುತ್ತವೆ. ನಿಮ್ಮ ಈಗಿನ ಹೊರೆಯ ಹೆಚ್ಚುಕಡಿಮೆ ಅರ್ಧ ಹೀಗೆಯೇ ಇಳಿದುಹೋಗುತ್ತದೆ.

14 ಇಂಚಿಗೆ ಇಳಿದರೆ ನೀವು ಕಳೆದುಕೊಳ್ಳುವುದು ಬಲಬದಿಯ ಅಂಕಿಗಳ ಕೀಲಿಗುಂಪು. ದಿನಕ್ಕೆ ನೂರಾರು ವೋಚರ್ ಹಾಕುವ ಬಲಗೈಗೆ ಅದರ ಬೆಲೆ ಗೊತ್ತಿರುತ್ತದೆ. ಮೇಲಿನ ಸಾಲಿನ ಅಂಕಿಗಳಲ್ಲಿ ಆ ವೇಗ ಬರುವುದಿಲ್ಲ. ಬೇರೆಯಾಗಿ ಸಿಗುವ ಸಣ್ಣ ಯುಎಸ್‌ಬಿ ಅಂಕಿಮಣೆಯನ್ನು ಜೋಡಿಸಿಕೊಳ್ಳಬಹುದು, ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದ ಇಕ್ಕಟ್ಟಿನಲ್ಲಿ ಇನ್ನೊಂದು ತಂತಿಯ ಸಾಮಾನು ಬೇಡವೆಂದೇ ನನ್ನ ಅಭಿಪ್ರಾಯ. 14ನೇ ತಾರೀಖಿಗೆ ಜಿಎಸ್‌ಟಿಆರ್-2ಬಿ (ಗಿರಾಕಿಗೆ ಮಾಲು ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಬಂದ ಮೇಲೆ 20ರೊಳಗೆ ಖರೀದಿ ಪುಸ್ತಕದೊಂದಿಗೆ ಅದನ್ನು ತಾಳೆ ನೋಡಬೇಕಲ್ಲವೇ? ಎರಡು ಎಕ್ಸೆಲ್ ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಬಿಲ್ ಸಂಖ್ಯೆಯಿಂದ ತೆರಿಗೆ ಮೊತ್ತದವರೆಗಿನ ಕಾಲಂಗಳು ಒಂದೇ ನೋಟಕ್ಕೆ ಸಿಗಬೇಕಾದರೆ ಅಗಲ ಬೇಕು. ನಿಮ್ಮ 15.6 ಇಂಚಿನ ಪರದೆ ಮತ್ತು ಈಗಿನ 16 ಇಂಚಿನ ಪರದೆ ಎರಡೂ ಮೂವತ್ತನಾಲ್ಕೂವರೆ ಸೆಂ.ಮೀ. ಅಗಲದವೇ, ಹೊಸದರ ಎತ್ತರ ಮಾತ್ರ ಎರಡು ಸೆಂ.ಮೀ. ಹೆಚ್ಚಿರುವುದರಿಂದ ಐದಾರು ಸಾಲು ಹೆಚ್ಚಿಗೆ ಕಾಣುತ್ತವೆ.

ಎರಡು ಎಚ್ಚರಿಕೆ ಹೇಳಬೇಕು. ಟ್ಯಾಲಿ ಪ್ರೈಮ್ ವಿಂಡೋಸಿನಲ್ಲಿ ನಡೆಯುವ ತಂತ್ರಾಂಶವಾದ್ದರಿಂದ ಮೇಲಿನ ಉತ್ತರ ಓದಿ ಮ್ಯಾಕ್ ಕೊಳ್ಳಬೇಡಿ. ಹಾಗೆಯೇ, ಡಿಜಿಟಲ್ ಸಹಿಯ ಟೋಕನ್ ಹಳೆಯ ಅಗಲ ಬಾಯಿಯ ಯುಎಸ್‌ಬಿಯದಾಗಿರುತ್ತದೆ; ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಕಿಂಡಿಗಳಷ್ಟೇ ಇರುತ್ತವೆ. ಗಡುವಿನ ರಾತ್ರಿ ಅಡಾಪ್ಟರ್ ಹುಡುಕುವ ಪಾಡು ಬೇಡವೆಂದರೆ ಹಳೆಯ ಕಿಂಡಿ ಒಂದಾದರೂ ಇರುವ ಮಾದರಿಯನ್ನೇ ಆರಿಸಿ. ಅಂಗಡಿಯಲ್ಲಿ ಅಂಕಿಗಳ ಕೀಲಿಗಳ ಮೇಲೆ ಹತ್ತು ನಿಮಿಷ ಕೈಯಾಡಿಸಿ, ಕೆಲವು ಹಗುರ ಮಾದರಿಗಳಲ್ಲಿ ಅವು ಬೇರೆ ಕೀಲಿಗಳಿಗಿಂತ ಕಿರಿದಾಗಿರುತ್ತವೆ.

ಪ್ರಶ್ನೆ: ನನಗೆ 68 ವರ್ಷ, ನಿವೃತ್ತ ಶಿಕ್ಷಕ. ನೆನಪುಗಳನ್ನು ಬರೆಯುತ್ತಿದ್ದೇನೆ. ಬೈಫೋಕಲ್ ಕನ್ನಡಕ ಹಾಕುತ್ತೇನೆ, ಅಕ್ಷರ ದೊಡ್ಡದಾಗಿ ಕಾಣಲೆಂದು 16 ಇಂಚಿನದು ಕೊಳ್ಳುವ ಯೋಚನೆ. ವರ್ಷಕ್ಕೆರಡು ಸಲ ಮಗಳ ಮನೆಗೆ ಹೋಗುವಾಗ ಮಾತ್ರ ಒಯ್ಯುತ್ತೇನೆ. ಸರಿಯೇ?
— ಓದುಗರು, ಮೈಸೂರು

ಉತ್ತರ: ಆಯ್ಕೆ ಸರಿ, ಸಾರ್, ಆದರೆ ಪರದೆ ದೊಡ್ಡದಾದ ಮಾತ್ರಕ್ಕೆ ಅಕ್ಷರ ದೊಡ್ಡದಾಗುವುದಿಲ್ಲ. 1920 ಅಡ್ಡ 1200 ಚುಕ್ಕೆಗಳ 14 ಇಂಚಿನ ಪರದೆಗಿಂತ ಅಷ್ಟೇ ಚುಕ್ಕೆಗಳ 16 ಇಂಚಿನದರಲ್ಲಿ ಅಕ್ಷರ ಶೇಕಡ 14ರಷ್ಟು ದೊಡ್ಡದಾಗಿ ಕಾಣುತ್ತದೆ ನಿಜ, ಆದರೆ 16 ಇಂಚಿನಲ್ಲೇ 2560 ಅಡ್ಡ 1600 ಚುಕ್ಕೆಗಳಿದ್ದು ಗಾತ್ರದ ಹೊಂದಿಕೆಯನ್ನು ಬದಲಿಸದಿದ್ದರೆ ಅಕ್ಷರ ಇನ್ನೂ ಸಣ್ಣಗಾಗುತ್ತದೆ. ವಿಂಡೋಸಿನ ಡಿಸ್‌ಪ್ಲೇ ಹೊಂದಿಕೆಯಲ್ಲಿ ಸ್ಕೇಲ್ ಎಂಬುದನ್ನು ಶೇಕಡ 150 ಅಥವಾ 175ಕ್ಕೆ ಏರಿಸಲು ಅಂಗಡಿಯವರಿಗೇ ಹೇಳಿ, ಇಂಗ್ಲಿಷ್ ಪುಟವನ್ನಲ್ಲ, ಒಂದು ಕನ್ನಡ ಪುಟವನ್ನು ತೆರೆಸಿ, ನೀವು ಮನೆಯಲ್ಲಿ ಕೂರುವ ದೂರದಿಂದ ಒತ್ತಕ್ಷರಗಳನ್ನು ಓದಿ ನೋಡಿ. ಹೀಗೆ ಹಿಗ್ಗಿಸಿದಾಗ ಚಿಕ್ಕ ಪರದೆಯಲ್ಲಿ ಕೆಲವೇ ಸಾಲು ಉಳಿಯುತ್ತವೆ, ದೊಡ್ಡದರಲ್ಲಿ ಒಂದು ಪ್ಯಾರಾ ಪೂರ್ತಿ ಕಣ್ಣೆದುರು ಇರುತ್ತದೆ; ದೊಡ್ಡದರ ನಿಜವಾದ ಉಪಯೋಗ ಅದು.

ಕನ್ನಡಕದ ಬಗ್ಗೆಯೂ ಒಂದು ಮಾತು. ಬೈಫೋಕಲ್‌ನ ಕೆಳಗಿನ ಭಾಗವನ್ನು ಪುಸ್ತಕ ಹಿಡಿಯುವ ದೂರಕ್ಕೆ, ಸುಮಾರು 35ರಿಂದ 40 ಸೆಂ.ಮೀ.ಗೆ ಹೊಂದಿಸಿರುತ್ತಾರೆ. ಲ್ಯಾಪ್‌ಟಾಪಿನ ಪರದೆ ಸಾಮಾನ್ಯವಾಗಿ 50ರಿಂದ 60 ಸೆಂ.ಮೀ. ದೂರದಲ್ಲಿರುವುದರಿಂದ, ಅದನ್ನು ಓದಲು ನೀವು ಗಲ್ಲ ಎತ್ತಿ ಮುಂದಕ್ಕೆ ಬಾಗುತ್ತೀರಿ, ಕುತ್ತಿಗೆ ನೋಯುತ್ತದೆ. ಲ್ಯಾಪ್‌ಟಾಪು ಮನೆಗೆ ಬಂದ ಮೇಲೆ ನೀವು ಸಹಜವಾಗಿ ಕೂತ ಸ್ಥಿತಿಯಲ್ಲಿ ಕಣ್ಣಿನಿಂದ ಪರದೆಗೆ ಎಷ್ಟು ದೂರವಿದೆ ಎಂದು ಮನೆಯವರಿಂದ ಟೇಪು ಹಿಡಿಸಿ ಅಳೆಸಿ, ಆ ಅಳತೆಯನ್ನು ಚೀಟಿಯಲ್ಲಿ ಬರೆದು ಕಣ್ಣಿನ ವೈದ್ಯರಿಗೆ ತೋರಿಸಿದರೆ, ಆ ದೂರಕ್ಕೆಂದೇ ಇನ್ನೊಂದು ಕನ್ನಡಕ ಬರೆದುಕೊಡುತ್ತಾರೆ.