ಜಿಪಿಎ 2.87, ಆಸೆ ಪಿಎ ಆಗುವುದು: ಮತ್ತೆ ಅರ್ಜಿ ಹಾಕಲೇ, ಬಿಟ್ಟುಬಿಡಲೇ?

ಪ್ರಶ್ನೆ: ಮೇಡಂ, ನನಗೆ 25 ವರ್ಷ. ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪ-ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದೆ. ಗ್ರೀನ್ ಕಾರ್ಡ್ ಇದೆ. ಇಲ್ಲೇ ಬಯಾಲಜಿ ಡಿಗ್ರಿ ಮಾಡಿದೆ. ಒಟ್ಟು 124 ಕ್ರೆಡಿಟ್‌ಗೆ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ, 2.87. ವಿಜ್ಞಾನದ 60 ಕ್ರೆಡಿಟ್ ಮಾತ್ರ ಲೆಕ್ಕ ಹಾಕಿದರೆ 2.7. ಎರಡನೇ ವರ್ಷದಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ಅವರನ್ನು ಆಸ್ಪತ್ರೆಗೆ ಓಡಾಡಿಸಿಕೊಂಡು, ಸಂಜೆ ದಿನಸಿ ಅಂಗಡಿಯಲ್ಲಿ ದುಡಿದುಕೊಂಡು ಓದಿದೆ. ಅನಾಟಮಿ-ಫಿಸಿಯಾಲಜಿಯಲ್ಲಿ ಡಿ ಬಂತು, ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ. ಈಗ ಎರಡು ವರ್ಷದಿಂದ ಒಂದು ಅರ್ಜೆಂಟ್ ಕೇರ್ ಕ್ಲಿನಿಕ್‌ನಲ್ಲಿ ಮೆಡಿಕಲ್ ಅಸಿಸ್ಟೆಂಟ್ ಆಗಿದ್ದೇನೆ. ಅಲ್ಲಿ ವೈದ್ಯರ ಜೊತೆಗಿದ್ದು ರೋಗಿಗಳನ್ನು ಪರೀಕ್ಷಿಸಿ ಔಷಧ ಬರೆಯುವ ಫಿಸಿಶಿಯನ್ ಅಸಿಸ್ಟೆಂಟ್ (ಪಿಎ) ಒಬ್ಬರ ಕೆಲಸ ನೋಡಿ ನಾನೂ ಪಿಎ ಆಗಬೇಕು ಅನ್ನಿಸಿತು. ಹೋದ ಅಕ್ಟೋಬರ್‌ನಲ್ಲಿ ಆರು ಕಡೆ ಅರ್ಜಿ ಹಾಕಿದೆ. ಎಲ್ಲೂ ಸಂದರ್ಶನಕ್ಕೇ ಕರೆಯಲಿಲ್ಲ. ಮನೆಯಲ್ಲಿ ಹೇಳುವ ಧೈರ್ಯವಾಗದೆ ‘ಇನ್ನೂ ಉತ್ತರ ಬಂದಿಲ್ಲ’ ಅನ್ನುತ್ತಿದ್ದೇನೆ. ಅಮ್ಮ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಐಟಿಗೆ ಸೇರು ಅನ್ನುತ್ತಾರೆ. ದೊಡ್ಡಮ್ಮನ ಮಗ, ಬೆಂಗಳೂರಿಗೆ ಬಂದು ಪಿಎ ಕೋರ್ಸ್ ಮಾಡಿಕೊಂಡು ವಾಪಸ್ ಹೋಗು ಅನ್ನುತ್ತಾನೆ. ಏಪ್ರಿಲ್‌ನಲ್ಲಿ ಮತ್ತೆ ಅರ್ಜಿ ಶುರುವಾಗುತ್ತದೆ. ಈ ಸಲ ಇಪ್ಪತ್ತು ಕಡೆ ಹಾಕಲೇ? ಇಲ್ಲ, ನನ್ನ ಹಣೆಯಲ್ಲಿ ಬರೆದಿಲ್ಲ ಅಂತ ಬಿಟ್ಟುಬಿಡಲೇ? ಹೋದ ಸಲದ ಅರ್ಜಿ, ಯಾಕೆ ಪಿಎ ಆಗಬೇಕೆಂದು ಅದರ ಜೊತೆ ಬರೆದು ಕಳಿಸಿದ ಪ್ರಬಂಧ, ಡಾಕ್ಟರ್ ಆಗಿರುವ ಚಿಕ್ಕಪ್ಪ ಕೊಟ್ಟ ಶಿಫಾರಸು ಪತ್ರ ಎಲ್ಲವನ್ನೂ ಲಗತ್ತಿಸಿದ್ದೇನೆ.
– ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಬಿಡಬೇಡಿ. ಆದರೆ ಬರುವ ಏಪ್ರಿಲ್‌ನಲ್ಲಿ ಒಂದು ಕಡೆಗೂ ಅರ್ಜಿ ಹಾಕಬೇಡಿ. ನೀವು ಕೇಳಿದ್ದು ಎರಡೇ ದಾರಿ, ನಾನು ಹೇಳುತ್ತಿರುವುದು ಮೂರನೆಯದು ಮತ್ತು ಅದು ನಿಧಾನದ ದಾರಿ. ಯಾಕೆಂದು ಹೇಳುತ್ತೇನೆ.

ಆರು ಕಡೆಯಿಂದಲೂ ‘ಇಲ್ಲ’ ಬಂದಾಗ ‘ನಾನೇ ಬೇಡವಾದೆ’ ಅನ್ನಿಸುವುದು ಸಹಜ. ಬಹುಶಃ ನಿಮ್ಮ ಅರ್ಜಿಯನ್ನು ಯಾರೂ ಪೂರ್ತಿ ಓದಿಯೇ ಇಲ್ಲ. ಅಮೆರಿಕದ ಬಹಳಷ್ಟು ಪಿಎ ಕಾಲೇಜುಗಳು ಜಿಪಿಎ 3.0ಕ್ಕೆ ಗೆರೆ ಎಳೆದಿರುತ್ತವೆ. ಅದಕ್ಕಿಂತ ಕೆಳಗಿನ ಅರ್ಜಿ ಮೊದಲ ಸೋಸುವಿಕೆಯಲ್ಲೇ ಪಕ್ಕಕ್ಕೆ ಹೋಗುತ್ತದೆ. ಸೀಟು ಸಿಕ್ಕವರ ಸರಾಸರಿ 3.5ರ ಮೇಲಿದೆ. ಜೊತೆಗೆ ನೀವು ಅರ್ಜಿ ಹಾಕಿದ್ದು ಅಕ್ಟೋಬರ್‌ನಲ್ಲಿ. ಕ್ಯಾಸ್ಪಾ ಎಂಬ ಕೇಂದ್ರೀಯ ಅರ್ಜಿ ವ್ಯವಸ್ಥೆ ಏಪ್ರಿಲ್ ಕೊನೆಗೇ ತೆರೆದುಕೊಳ್ಳುತ್ತದೆ, ಹಲವು ಕಾಲೇಜುಗಳು ಬಂದ ಅರ್ಜಿಗಳನ್ನು ಬಂದ ಹಾಗೆ ನೋಡಿ ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತವೆ. ಅಕ್ಟೋಬರ್ ಹೊತ್ತಿಗೆ ಅಂಥ ಕಡೆ ಉಳಿದಿರುವ ಸೀಟು ಕಡಿಮೆ. ಇದೇ ಅಂಕಪಟ್ಟಿಯನ್ನು ಆರರ ಬದಲು ಇಪ್ಪತ್ತು ಕಡೆಗೆ ಕಳಿಸಿದರೆ ಉತ್ತರ ಬದಲಾಗುವುದಿಲ್ಲ, ದುಡ್ಡು ಮಾತ್ರ ಖರ್ಚಾಗುತ್ತದೆ. ಮೊದಲ ಅರ್ಜಿಗೆ ಸುಮಾರು 180 ಡಾಲರ್, ಆಮೇಲಿನ ಒಂದೊಂದಕ್ಕೂ ಸುಮಾರು 60, ಅದರ ಮೇಲೆ ಕೆಲವು ಕಾಲೇಜುಗಳ ಪ್ರತ್ಯೇಕ ಶುಲ್ಕ. ಆ ದುಡ್ಡಿನಲ್ಲಿ ಕಡಿಮೆ ಶುಲ್ಕದ ಸ್ಥಳೀಯ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಲ್ಯಾಬ್ ಸಮೇತದ ವಿಷಯ ಓದಬಹುದು. ಅದನ್ನೇ ಮಾಡಿ ಅನ್ನುತ್ತಿದ್ದೇನೆ.

ಈ ವಿಷಯದಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ನಿಮ್ಮ ಯೂನಿವರ್ಸಿಟಿ, ಮತ್ತೆ ಓದಿ ಪಾಸಾದರೆ ಹಳೆಯ ಗ್ರೇಡ್ ತೆಗೆದು ಹೊಸದನ್ನು ಇಟ್ಟುಕೊಳ್ಳಬಹುದು. ಕ್ಯಾಸ್ಪಾ ಹಾಗೆ ಮಾಡುವುದಿಲ್ಲ. ಅನಾಟಮಿಯ ನಾಲ್ಕು ಕ್ರೆಡಿಟ್ ಮತ್ತೆ ಓದಿ ಎ ತೆಗೆದರೂ ಹಳೆಯ ಡಿ ಪಕ್ಕದಲ್ಲೇ ಕೂತಿರುತ್ತದೆ. ಡಿಯ ಒಂದು ಮತ್ತು ಎಯ ನಾಲ್ಕು ಅಂಕ ಸೇರಿ ಆ ವಿಷಯದ ಸರಾಸರಿ 2.5 ಅಷ್ಟೇ. ಆದ್ದರಿಂದ ಹಳೆಯದನ್ನು ಅಳಿಸುತ್ತೇನೆ ಎಂಬ ಆಸೆ ಬಿಡಿ. ಅದರ ಮೇಲೆ ಹೊಸ ತೂಕ ಹಾಕಬೇಕು. ಅನಾಟಮಿ-ಫಿಸಿಯಾಲಜಿಯನ್ನು ಮಾತ್ರ ಮತ್ತೆ ಓದಲೇಬೇಕು, ಯಾಕೆಂದರೆ ಕಡ್ಡಾಯ ವಿಷಯಗಳಲ್ಲಿ ಸಿ ಆದರೂ ಇರಬೇಕೆಂದು ಹೆಚ್ಚಿನ ಕಾಲೇಜುಗಳು ಕೇಳುತ್ತವೆ. ಉಳಿದಂತೆ ಹೊಸ ವಿಷಯಗಳನ್ನು ತೆಗೆದುಕೊಳ್ಳಿ. ನೀವು ಓದಿಲ್ಲದಿದ್ದರೆ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಜೆನೆಟಿಕ್ಸ್, ಪ್ಯಾಥೊಫಿಸಿಯಾಲಜಿ.

ಲೆಕ್ಕ ಹಾಕಿ ನೋಡಿದೆ. 24 ಕ್ರೆಡಿಟ್ ವಿಜ್ಞಾನ ಓದಿ ಎಲ್ಲದರಲ್ಲೂ ಎ ಬಂದರೆ ಒಟ್ಟು ಜಿಪಿಎ 3.05ಕ್ಕೆ ಏರುತ್ತದೆ, ವಿಜ್ಞಾನದ್ದು 3.07ಕ್ಕೆ. ಎರಡೂ ಗೆರೆ ದಾಟುತ್ತವೆ. ಅರ್ಧ ಎ, ಅರ್ಧ ಬಿ ಬಂದರೆ 2.97 ಮತ್ತು 2.93ಕ್ಕೆ ನಿಲ್ಲುತ್ತವೆ. ಹಾಗಾಗಿ ಆತುರ ಬೇಡ. ಕೆಲಸ ಮಾಡಿಕೊಂಡು ಒಂದು ಸೆಮಿಸ್ಟರ್‌ಗೆ ಎರಡೇ ವಿಷಯ ತೆಗೆದುಕೊಳ್ಳಿ, ಮೂರನೆಯದರ ಆಸೆಗೆ ಬೀಳಬೇಡಿ. ಒಂದೂವರೆ ವರ್ಷ ಹಿಡಿಯುತ್ತದೆ. ನಿಮ್ಮ ಗೆಳತಿಯರು ಮುಂದೆ ಹೋದರು ಅನ್ನಿಸುವ ದಿನಗಳು ಇದರಲ್ಲಿ ಬಂದೇ ಬರುತ್ತವೆ. ಪಿಎ ತರಗತಿಗಳಲ್ಲಿ ಇಪ್ಪತ್ತೆಂಟು, ಮೂವತ್ತು ದಾಟಿದವರೂ ಇರುತ್ತಾರೆ. ಮದುವೆಯ ಮಾತು ಬಂದರೆ ಈ ವೇಳಾಪಟ್ಟಿಯನ್ನು ಹುಡುಗನ ಮನೆಯವರ ಮುಂದೆಯೂ ನೇರವಾಗಿ ಇಡಿ.

3.05 ಎಂದರೆ ಏನು ಮಹಾ ಎಂದು ಕೇಳಬಹುದು. ಆ ಸಂಖ್ಯೆಗಿಂತ ಅದರ ಹಿಂದಿನ ಸಾಲು ಮುಖ್ಯ. ಅರ್ಜಿ ಪರಿಶೀಲಿಸುವವರಿಗೆ ನಿಮ್ಮ ಜಿಪಿಎ ವರ್ಷವರ್ಷಕ್ಕೂ ಬಿಡಿಬಿಡಿಯಾಗಿ ಕಾಣುತ್ತದೆ. ಕೆಲವು ಕಾಲೇಜುಗಳು ಕೊನೆಯ 60 ಕ್ರೆಡಿಟ್‌ಗಳನ್ನೇ ಹೆಚ್ಚಾಗಿ ನೋಡುತ್ತವೆ, ಕೆಲವು ಗೆರೆಯನ್ನೇ ಇಟ್ಟಿಲ್ಲ. ಅಂಥವನ್ನೇ ಹುಡುಕಿ ಎಂಟೋ ಹತ್ತೋ ಆರಿಸಿಕೊಳ್ಳಿ. ಪ್ರತಿ ಕಾಲೇಜಿನ ಪ್ರವೇಶ ವಿಭಾಗಕ್ಕೂ ಫೋನ್ ಮಾಡಿ ಮೂರು ವಿಷಯ ಕೇಳಿ: ಕಮ್ಯುನಿಟಿ ಕಾಲೇಜಿನ ವಿಜ್ಞಾನ ಒಪ್ಪುತ್ತೀರಾ, ಆನ್‌ಲೈನ್ ಲ್ಯಾಬ್ ಒಪ್ಪುತ್ತೀರಾ, ಕಡ್ಡಾಯ ವಿಷಯಗಳನ್ನು ಹಿಂದಿನ ಎಷ್ಟು ವರ್ಷದೊಳಗೆ ಓದಿರಬೇಕು. ಈ ಮೂರರಲ್ಲೂ ಒಂದೊಂದು ಕಾಲೇಜಿಗೆ ಒಂದೊಂದು ನಿಯಮ. ಶುಲ್ಕ ಕಟ್ಟಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಇನ್ನು ನಿಮ್ಮ ಪ್ರಬಂಧ. ಅದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು, ಯಾಕೆಂದರೆ ನಿಮ್ಮ ಹತ್ತಿರ ಇರುವ ಒಳ್ಳೆಯದೆಲ್ಲ ಅದರಲ್ಲಿ ಹುದುಗಿಹೋಗಿದೆ. ಕ್ಯಾಸ್ಪಾದಲ್ಲಿ ಖಾಲಿ ಜಾಗವೂ ಸೇರಿ 5,000 ಅಕ್ಷರಕ್ಕೆ ಮಿತಿ. ಅದರಲ್ಲಿ ಮೊದಲ ಮೂರನೇ ಒಂದು ಭಾಗ ‘ಚಿಕ್ಕಂದಿನಿಂದಲೂ ಜನಸೇವೆಯ ಹಂಬಲ’ ಎಂಬುದಕ್ಕೆ ಹೋಗಿದೆ. ಮುಂದಿನ ಒಂದು ಭಾಗ ಅಪ್ಪನ ಆಪರೇಷನ್ನು ಮತ್ತು ಅದರಿಂದ ಕಡಿಮೆಯಾದ ಅಂಕ. ಕೊನೆಯಲ್ಲಿ, ಎರಡೇ ಸಾಲಿನಲ್ಲಿ, ಆ ಅಜ್ಜಿಯ ಪ್ರಸಂಗ ಬರುತ್ತದೆ. ತಲೆ ಸುತ್ತು ಎಂದು ಬಂದ ಗುಜರಾತಿ ಅಜ್ಜಿ, ಕೇಳಿದ್ದಕ್ಕೆಲ್ಲ ಹೂಂ ಎಂದು ತಲೆಯಾಡಿಸುತ್ತಿದ್ದರು. ನಾಡಿ 46ಕ್ಕೆ ಇಳಿದಿತ್ತು. ನೀವು ನಿಮಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ ಮಾತಾಡಿಸಿ, ಅವರ ಕೈಚೀಲದಲ್ಲಿದ್ದ ಮಾತ್ರೆ ಡಬ್ಬಿಗಳನ್ನು ಒಂದೊಂದಾಗಿ ಹೊರಗೆ ಇಡಿಸಿದಿರಿ. ಒಂದರ ಮೇಲೆ ಲೋಪ್ರೆಸರ್, ಇನ್ನೊಂದರ ಮೇಲೆ ಮೆಟೊಪ್ರೊಲಾಲ್. ಎರಡೂ ನಾಡಿಯನ್ನು ನಿಧಾನಗೊಳಿಸುವ ಒಂದೇ ಔಷಧ. ಎರಡನ್ನೂ ನುಂಗುತ್ತಿದ್ದರು. ನೀವು ಹೋಗಿ ಪಿಎಗೆ ಹೇಳಿದಿರಿ, ಅವರು ಕೂಡಲೇ ಇಸಿಜಿ ತೆಗೆಸಿದರು.

ಪ್ರಬಂಧ ಶುರುವಾಗಬೇಕಾದದ್ದು ಇಲ್ಲಿಂದ. ರೋಗಿಯ ಗುರುತು ಸಿಗುವಂಥದ್ದೇನೂ ಬೇಡ, ನೀವು ಏನು ನೋಡಿದಿರಿ, ಏನು ಕೇಳಿದಿರಿ, ಯಾರಿಗೆ ಹೇಳಿದಿರಿ ಎಂಬುದು ಸಾಕು. ಪಿಎ ಎಂದರೆ ರೋಗಿಯನ್ನು ಪರೀಕ್ಷಿಸಿ, ಔಷಧ ಬರೆದು, ಎಲ್ಲಿ ವೈದ್ಯರನ್ನು ಕೇಳಬೇಕೋ ಅಲ್ಲಿ ಕೇಳುವ ಕೆಲಸ. ಈ ಎಚ್ಚರ ನಿಮ್ಮಲ್ಲಿ ಇದೆ ಎಂದು ಆ ಪ್ರಸಂಗ ಹೇಳುತ್ತದೆ. ಈ ವೃತ್ತಿ ಹುಟ್ಟಿದ್ದೇ ಅನುಭವಸ್ಥರಿಂದ. 1965ರಲ್ಲಿ ಡ್ಯೂಕ್ ಯೂನಿವರ್ಸಿಟಿಯಲ್ಲಿ ಡಾ. ಯೂಜೀನ್ ಸ್ಟೆಡ್ ಮೊದಲ ತರಗತಿ ಶುರು ಮಾಡಿದಾಗ ಆರಿಸಿಕೊಂಡದ್ದು ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಬಂದಿದ್ದ ನಾಲ್ವರನ್ನು. ಇವತ್ತಿಗೂ ರೋಗಿಗಳ ಜೊತೆ ಕಳೆದ ಗಂಟೆಗಳನ್ನು ಕಾಲೇಜುಗಳು ಎಣಿಸಿ ನೋಡುತ್ತವೆ. ನಿಮ್ಮ ಎರಡು ವರ್ಷದ ದುಡಿಮೆ ಈ ಲೆಕ್ಕದಲ್ಲಿ ದೊಡ್ಡ ಆಸ್ತಿ. ಹೋದ ಅರ್ಜಿಯಲ್ಲಿ ಅದನ್ನು ‘ಕ್ಲಿನಿಕ್‌ನಲ್ಲಿ ಸಹಾಯ’ ಎಂದು ಬರೆದಿದ್ದೀರಿ! ಬಿಪಿ, ನಾಡಿ ನೋಡುವುದು, ರಕ್ತ ತೆಗೆಯುವುದು, ಇಸಿಜಿ, ಗಾಯಕ್ಕೆ ಡ್ರೆಸಿಂಗ್, ಯಾವುದು ಮಾಡುತ್ತೀರೋ ಅದನ್ನು ಹೆಸರು ಹೇಳಿ ಬರೆಯಿರಿ.

ಅಪ್ಪನ ಬೈಪಾಸ್ ವಿಷಯಕ್ಕೆ ಎರಡು ವಾಕ್ಯ ಸಾಕು. ‘ಎರಡನೇ ವರ್ಷ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು, ಮನೆಯ ಜವಾಬ್ದಾರಿಯ ಜೊತೆ ಓದುವುದನ್ನು ಆಗ ನಾನು ನಿಭಾಯಿಸಲಿಲ್ಲ. ಈಗ ಕೆಲಸ ಮಾಡಿಕೊಂಡೇ ಈ ಆರು ವಿಷಯಗಳನ್ನು ಓದಿದ್ದೇನೆ.’ ಓದುವವರಿಗೆ ಕಾರಣಕ್ಕಿಂತ ಆಮೇಲೆ ಏನಾಯಿತು ಎಂಬುದು ಬೇಕು. ಈಗ ನಿಮ್ಮ ಬಳಿ ಎರಡನೇ ವಾಕ್ಯ ಇಲ್ಲ, ಒಂದೂವರೆ ವರ್ಷ ಕಾಯಿರಿ ಎನ್ನುವುದು ಅದಕ್ಕೇ.

ಶಿಫಾರಸು ಪತ್ರ ಕೊಟ್ಟ ನಿಮ್ಮ ಚಿಕ್ಕಪ್ಪ ದೊಡ್ಡ ಡಾಕ್ಟರೇ ಇರಬಹುದು, ಆದರೆ ನೀವು ಕೆಲಸ ಮಾಡುವುದನ್ನು ಅವರು ನೋಡಿಲ್ಲ. ಆ ದಿನ ಅಜ್ಜಿಯ ಇಸಿಜಿ ತೆಗೆಸಿದ ಪಿಎಯನ್ನೇ ಕೇಳಿ. ಸಂಕೋಚ ಬೇಡ, ಅವರೂ ಯಾರನ್ನೋ ಕೇಳಿಯೇ ಬಂದವರು. ಇನ್ನೊಂದು ಪತ್ರ, ನೀವು ಈಗ ಓದಲಿರುವ ವಿಷಯದ ಪ್ರಾಧ್ಯಾಪಕರದ್ದಿರಲಿ.

ದೊಡ್ಡಮ್ಮನ ಮಗ ಹೇಳಿದ್ದು ಪ್ರೀತಿಯಿಂದಲೇ, ಆದರೆ ಆ ದಾರಿ ನಿಮ್ಮ ಊರು ಮುಟ್ಟಿಸುವುದಿಲ್ಲ. ಬೆಂಗಳೂರಿನಲ್ಲಿ ಪಿಎ ಬಿ.ಎಸ್ಸಿ. ಕೋರ್ಸ್‌ಗಳಿವೆ, ಭಾರತದಲ್ಲಿ ಕೆಲಸ ಮಾಡುವವರಿಗೆ ಅವು ಸರಿ. ಅಮೆರಿಕದಲ್ಲಿ ಲೈಸೆನ್ಸ್ ಬೇಕಾದರೆ ಪ್ಯಾನ್ಸ್ ಎಂಬ ಪಿಎಗಳ ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು, ಆ ಪರೀಕ್ಷೆಗೆ ಕೂರಲು ಎಆರ್‌ಸಿ-ಪಿಎ ಎಂಬ ಸಂಸ್ಥೆ ಮಾನ್ಯತೆ ಕೊಟ್ಟ ಇಲ್ಲಿನ ಕಾಲೇಜಿನಲ್ಲೇ ಓದಿರಬೇಕು. ಬೆಂಗಳೂರಿನ ಡಿಗ್ರಿ ಹಿಡಿದು ಬಂದರೆ ಮತ್ತೆ ಮೊದಲಿನಿಂದ ಶುರು. ಇಲ್ಲೂ ಸೇರುವ ಮುನ್ನ ಕಾಲೇಜಿನ ಮಾನ್ಯತೆ ಈಗ ಯಾವ ಸ್ಥಿತಿಯಲ್ಲಿದೆ ಎಂದು ನೋಡಿಕೊಳ್ಳಿ. ಕಡಿಮೆ ಜಿಪಿಎಯವರನ್ನು ಸುಲಭವಾಗಿ ತೆಗೆದುಕೊಳ್ಳುವ ಕಡೆ ಇದನ್ನು ಇನ್ನೂ ಹುಷಾರಾಗಿ ನೋಡಬೇಕು.

ಒಂದು ಕಠಿಣ ಮಾತನ್ನೂ ಹೇಳಲೇಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಎರಡೇ ವಿಷಯ ಓದಿ, ಸಮಯ ಕೊಟ್ಟು, ಟ್ಯೂಟರ್ ಸಹಾಯ ಪಡೆದೂ ಸಿ ಬಂದರೆ, ಅಲ್ಲಿ ನಿಲ್ಲಿ. ಪಿಎ ಕೋರ್ಸ್ ಸಾಮಾನ್ಯವಾಗಿ 27 ತಿಂಗಳು, ಅದರಲ್ಲಿ ಮೊದಲ ಒಂದು ವರ್ಷದಲ್ಲಿ ಓದಿಸುವುದು ಅಗಾಧ. ಮಧ್ಯದಲ್ಲಿ ಅಂಕ ಕಡಿಮೆಯಾಗಿ ಹೊರಗೆ ಬಂದರೆ ಸಾಲ ಉಳಿಯುತ್ತದೆ, ಡಿಗ್ರಿ ಉಳಿಯುವುದಿಲ್ಲ. ಆಗ ನರ್ಸಿಂಗ್ ಕಡೆ ನೋಡಿ. ಬೇರೆ ವಿಷಯದಲ್ಲಿ ಡಿಗ್ರಿ ಇದ್ದವರಿಗೆಂದೇ ಒಂದು-ಒಂದೂವರೆ ವರ್ಷದ ನರ್ಸಿಂಗ್ ಕೋರ್ಸ್‌ಗಳಿವೆ, ಅಲ್ಲಿಂದ ಮುಂದೆ ನರ್ಸ್ ಪ್ರಾಕ್ಟಿಷನರ್ ಆಗುವ ದಾರಿಯೂ ಇದೆ. ರೋಗಿಯ ಹಾಸಿಗೆಯ ಪಕ್ಕದ ಕೆಲಸವೇ ನಿಮಗೆ ಬೇಕಾಗಿದ್ದರೆ ಅದು ಅಲ್ಲೂ ಇದೆ. ಟೆಸ್ಟಿಂಗ್ ಕೆಲಸದ ಬಗ್ಗೆ ನೀವು ನಿಮ್ಮ ಪತ್ರದಲ್ಲಿ ಒಂದು ಉತ್ಸಾಹದ ಮಾತೂ ಬರೆದಿಲ್ಲ, ಆದ್ದರಿಂದ ನಾನೂ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕೊನೆಗೆ ಮನೆಯ ವಿಷಯ. ‘ಇನ್ನೂ ಉತ್ತರ ಬಂದಿಲ್ಲ’ ಎಂಬ ಮಾತನ್ನು ಈ ವಾರವೇ ನಿಲ್ಲಿಸಿ. ಆರು ಕಡೆಯೂ ಆಗಲಿಲ್ಲ ಎಂದು ಹೇಳಿ, ಅದೇ ಉಸಿರಿನಲ್ಲಿ ಮುಂದಿನ ಮೂರು ಸೆಮಿಸ್ಟರ್‌ನ ವಿಷಯಗಳನ್ನು ಬರೆದ ಹಾಳೆಯನ್ನು ಮುಂದಿಡಿ. ಅಪ್ಪ ‘ನನ್ನಿಂದ ಹೀಗಾಯಿತೇನಮ್ಮ’ ಎಂದು ಕೇಳಬಹುದು. ಆಗ ‘ಹಾಗೇನಿಲ್ಲ ಬಿಡಪ್ಪ’ ಎಂದು ತೇಲಿಸಬೇಡಿ, ಅವರು ನಂಬುವುದಿಲ್ಲ. ಆ ವರ್ಷ ಕಷ್ಟವಾಗಿತ್ತು, ಒಂದು ಸೆಮಿಸ್ಟರ್ ರಜೆ ಹಾಕಬಹುದಿತ್ತು, ಯಾರನ್ನೂ ಕೇಳದೆ ಒಬ್ಬಳೇ ಹೊತ್ತುಕೊಂಡೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಅವರನ್ನು ಈಗಲೇ ಜೊತೆಗೆ ಕೂರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಬಹಳಷ್ಟು ಪಿಎ ಕಾಲೇಜುಗಳ ಬೋಧನಾ ಶುಲ್ಕವೇ 1 ಲಕ್ಷ ಡಾಲರ್ ಆಸುಪಾಸು, ಓದುವಾಗ ದುಡಿಯುವುದು ಆಗದ ಮಾತು. ಮೊದಲು ಪೂರ್ತಿ ಖರ್ಚಿಗೆ ಸಿಗುತ್ತಿದ್ದ ಸರ್ಕಾರದ ಗ್ರಾಡ್ ಪ್ಲಸ್ ಸಾಲ 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ. ಸಾಮಾನ್ಯ ಸ್ನಾತಕೋತ್ತರ ಕೋರ್ಸಿಗೆ ಸಿಗುವ ಸರ್ಕಾರದ ಸಾಲಕ್ಕೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್ ಮಿತಿ. ಪಿಎ ಕೋರ್ಸಿಗೆ ಎಷ್ಟು ಸಿಗುತ್ತದೆಂದು ಪ್ರತಿ ಕಾಲೇಜಿನ ಫೈನಾನ್ಶಿಯಲ್ ಏಡ್ ವಿಭಾಗದಲ್ಲಿ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕಡಿಮೆ ಬಿದ್ದದ್ದಕ್ಕೆ ಖಾಸಗಿ ಸಾಲ ಮಾಡಬೇಕಾದರೆ ನಿಮ್ಮ ಜೊತೆ ಇನ್ನೊಬ್ಬರ ಸಹಿ ಕೇಳುವ ಸಾಧ್ಯತೆಯೇ ಹೆಚ್ಚು, ಅದು ಬಹುಶಃ ಅಪ್ಪನದೇ. ಅವರ ಆರೋಗ್ಯ, ನಿವೃತ್ತಿ, ಮನೆಯ ಸಾಲ ಎಲ್ಲವನ್ನೂ ಮುಂದಿಟ್ಟುಕೊಂಡು ಅವರಿಗೆ ಎಷ್ಟು ಹೊರಲು ಸಾಧ್ಯ ಎಂದು ಕೇಳಿ. ಆ ಮೊತ್ತ ಗೊತ್ತಾದ ಮೇಲೆಯೇ ನಿಮ್ಮ ಎಂಟು-ಹತ್ತು ಕಾಲೇಜುಗಳ ಪಟ್ಟಿ ಮಾಡಿ.