ಸರ್ಕಾರ ಹುಟ್ಟಿಸಿದ ಜನಾಂಗ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಜನಗಣತಿ ಫಾರ್ಮಿನಲ್ಲಿ ‘ಏಷ್ಯನ್ ಇಂಡಿಯನ್’ ಅಂತ ಗುರುತು ಹಾಕಿದಳಂತೆ. ಇದ್ಯಾವ ಜನಾಂಗ ಸ್ವಾಮಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಸರ್ಕಾರ ಹುಟ್ಟಿಸಿದ್ದು! ಅಲ್ಲಿನ 1930, 1940ರ ಗಣತಿಗಳಲ್ಲಿ ನಮ್ಮವರೆಲ್ಲ ‘ಹಿಂದೂ’ ಜನಾಂಗ. ಪಂಜಾಬಿನಿಂದ ಹೋದ ಸಿಖ್ಖರೂ ಮುಸ್ಲಿಮರೂ ಅದೇ ಲೆಕ್ಕಕ್ಕೆ. ಅದಕ್ಕೂ ಮುಂಚೆ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬ ಸಿಖ್ ಮಾಜಿ ಸೈನಿಕ ‘ನಾನು ಆರ್ಯ, ಹಾಗಾಗಿ ಬಿಳಿಯ, ಪೌರತ್ವ ಕೊಡಿ’ ಅಂತ ವಾದಿಸಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ತಮಾಷೆ ನೋಡಿ, 1970ರ ಗಣತಿ ನಮ್ಮವರನ್ನು ಬಿಳಿಯರ ಸಾಲಿಗೇ ಸೇರಿಸಿತು! ಆದರೆ ಬಿಳಿಯರಾದರೆ ಅಲ್ಪಸಂಖ್ಯಾತರ ಸೌಲಭ್ಯ ಇಲ್ಲ, ಅಲ್ವಾ? ಆಗ ಅಲ್ಲಿನ ಭಾರತೀಯ ಸಂಘಗಳೇ ಬೇರೆ ಗುಂಪು ಬೇಕೆಂದು ಓಡಾಡಿದವು. (ಪ್ರವರ್ಗ ಬದಲಿಸಿ ಅಂತ ವಿಧಾನಸೌಧ ಸುತ್ತುವವರನ್ನು ಕಂಡ ನನಗೆ ಇದೇನೂ ಹೊಸದಲ್ಲ.) ನಿಮ್ಮ ಮಗಳು ಗುರುತು ಹಾಕಿದ ಚೌಕ ಫಾರ್ಮಿಗೆ ಬಂದಿದ್ದು 1980ರಲ್ಲಿ.