ಹಳೇ ಈಕೋ ತಗೊಂಡು ಕ್ಯಾಂಪರ್ ಮಾಡಿಸಬಹುದಾ? ಮೈಸೂರಿನಲ್ಲಿ ಎಲ್ಲಿಂದ ಶುರು ಮಾಡಬೇಕು?

ಮೈಸೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ ವ್ಯಾನ್ ನೋಡಿದ್ದೀರಿ. ಗಂಡ ಹೆಂಡತಿ ಇಬ್ಬರೂ ಅದರಲ್ಲೇ ಮಲಗಿ ಊರೂರು ಸುತ್ತಬೇಕು ಅಂತ ಆಸೆ. ರೂಫ್ ಕತ್ತರಿಸಿ ಎತ್ತರ ಮಾಡಿಸಿ, ಒಳಗೇ ಗ್ಯಾಸ್ ಒಲೆ ಕೂರಿಸಬಹುದಾ ಅಂತ ಕೇಳಿದ್ದೀರಿ.

ಈಕೋ ತಗೊಳ್ಳಿ. ಸ್ಪೇರ್ ಎಲ್ಲಾ ಊರಲ್ಲೂ ಸಿಗುತ್ತದೆ, ಸಣ್ಣ ಊರಿನ ಮೆಕ್ಯಾನಿಕ್‌ಗೂ ಕೈಪರಿಚಯ ಇರುವ ಗಾಡಿ. ಆದರೆ ರೂಫ್‌ಗೆ ಕಟ್ಟರ್ ಹಚ್ಚಬೇಡಿ. ಒಳಗೆ ಏನೇ ಮಾಡಿಸಿದರೂ ಬೆಲ್ಟಿನಿಂದ ಕಟ್ಟಿ, ಬೇಕಾದಾಗ ಬಿಚ್ಚಿ ಕೆಳಗಿಳಿಸುವ ಹಾಗಿರಲಿ. ನಾನು ಕಂಡ ಮಟ್ಟಿಗೆ ಬಾಳಿಕೆ ಬರುವುದು ಇಂಥ ಕೆಲಸವೇ.

ಕಾನೂನೂ ಹಾಗೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಅದಕ್ಕಿಂತ ದೊಡ್ಡ ತಲೆನೋವು ಇನ್ಶೂರೆನ್ಸ್. ಏನಾದರೂ ಆಕ್ಸಿಡೆಂಟ್ ಆದರೆ ರೂಫ್ ನೋಡಿದ ಕೂಡಲೇ ಕ್ಲೇಮಿಗೆ ತಕರಾರು ಶುರುವಾಗುತ್ತದೆ. ಹಿಂದಿನ ಸೀಟು ಬಿಚ್ಚಿ ಮನೆಯಲ್ಲಿಡುವವರು ತುಂಬಾ ಜನ ಇದ್ದಾರೆ. ಸೀಟಿನ ಲೆಕ್ಕವೂ ಆರ್‌ಸಿಯಲ್ಲಿರುತ್ತದೆ. ಅದಕ್ಕೆ ಗಾಡಿ ಯಾವ ಆರ್‌ಟಿಒ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಮೊದಲು ಹೋಗಿ ಕೇಳಿ. ಗಾಡಿ ಹಳದಿ ಬೋರ್ಡಿನದಾದರೆ ಬಿಳಿ ಬೋರ್ಡ್ ಮಾಡಿಸುವ ಓಡಾಟ ಬೇರೆ. ಅದು ಮುಗಿಯುವ ತನಕ ಕಾರ್ಪೆಂಟರ್‌ನ ಕರೆಸಬೇಡಿ.

ಇನ್ನು ಗಾಡಿ ನೋಡುವುದು. ಹೊಸ ಪೇಂಟು, ಹೊಸ ಸೀಟ್ ಕವರ್ ನೋಡಿ ಮಾತು ಮುಗಿಸಬೇಡಿ. ನೆಲದ ಮ್ಯಾಟ್ ಪೂರ್ತಿ ಎತ್ತಿಸಿ. ಸ್ಲೈಡಿಂಗ್ ಡೋರಿನ ಕೆಳಗಿನ ರೈಲು, ಚಕ್ರದ ಮೇಲಿನ ಕಮಾನು, ಹಿಂದಿನ ಡೋರಿನ ಕೆಳಂಚು, ತುಕ್ಕು ಮೊದಲು ಹಿಡಿಯುವುದು ಇಲ್ಲೇ. ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಂಡು ಹೋಗಿ. ತಗಡು ಇದ್ದ ಕಡೆ ಟಪ್ ಅಂತ ಅಂಟುತ್ತದೆ. ಪುಟ್ಟಿ ಮೆತ್ತಿ ಪೇಂಟ್ ಹೊಡೆದ ಕಡೆ ಜಾರಿ ಬೀಳುತ್ತದೆ. ಆಮೇಲೆ ಮುಂದಿನ ಸೀಟಿನ ಬೆನ್ನಿನಿಂದ ಹಿಂದಿನ ಡೋರಿನವರೆಗೆ ಟೇಪ್ ಹಿಡಿಯಿರಿ. ನಿಮ್ಮಿಬ್ಬರಲ್ಲಿ ಎತ್ತರ ಇರುವವರ ಕಾಲು ಚಾಚುತ್ತದಾ? ಡೋರ್ ಹಾಕಿದ ಮೇಲೂ? ಇಷ್ಟು ಆದಮೇಲೆ ಬನ್ನಿಮಂಟಪದಲ್ಲಿ ನಿಮಗೆ ನಂಬಿಕೆ ಇರುವ ಗ್ಯಾರೇಜಿಗೆ ಒಯ್ದು ಅಡಿಭಾಗ, ಬ್ರೇಕು, ಸಸ್ಪೆನ್ಷನ್ ನೋಡಿಸಿ.

ಜನ ತಲೆ ಕೆಡಿಸಿಕೊಳ್ಳದೇ ಇರುವ ವಿಷಯ ತೂಕ. 18 ಎಂಎಂ ಪ್ಲೈವುಡ್‌ನ ಎಂಟು ಬೈ ನಾಲ್ಕು ಅಡಿಯ ಒಂದೇ ಹಾಳೆ 30 ಕೆಜಿ ದಾಟುತ್ತದೆ. ಮನೆ ವಾರ್ಡ್‌ರೋಬ್ ಮಾಡುವ ಕಾರ್ಪೆಂಟರ್ ಕೈಗೆ ಕೊಟ್ಟರೆ ಇಂಥ ಮೂರು ಹಾಳೆ ಸುಮ್ನೆ ಒಳಗೆ ಹೋಗುತ್ತವೆ. 12 ಎಂಎಂ ಸಾಕು, ಕೆಳಗೆ ಅಲ್ಯೂಮಿನಿಯಂ ಚೌಕಟ್ಟು ಕೊಡಿಸಿ. ಮಂಡ್ಯದ ಕಡೆ ಹೋದರೆ ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್ ಸಿಗುತ್ತದೆ. ಕೆಲಸ ಶುರುವಾಗುವ ಮುಂಚೆ ಒಮ್ಮೆ ತೂಗಿಸಿ. ಎಲ್ಲಾ ಮುಗಿದ ಮೇಲೆ ನೀರು ತುಂಬಿ, ನೀವಿಬ್ಬರೂ ಕೂತು ಇನ್ನೊಮ್ಮೆ ತೂಗಿಸಿ. ಹಿಂದಿನ ಚಕ್ರಗಳನ್ನು ಮಾತ್ರ ಮೇಲಿಟ್ಟು ಬೇರೆಯಾಗಿಯೂ ನೋಡಿ. ಭಾರ ಪೂರ್ತಿ ಹಿಂದೆ ಬಿದ್ದರೆ ಘಾಟಿಯಲ್ಲಿ ಸ್ಟೇರಿಂಗ್ ಹಗುರಾಗಿ ಹಿಡಿತ ಸಿಗುವುದಿಲ್ಲ.

ಗ್ಯಾಸ್ ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೊರಗೆ ಹೋಗುವುದಿಲ್ಲ, ನಿಮ್ಮ ಹಾಸಿಗೆಯ ಕೆಳಗೆ ನೆಲದ ಮೇಲೆ ನಿಲ್ಲುತ್ತದೆ. ಮುಚ್ಚಿದ ಗಾಡಿಯಲ್ಲಿ ಒಲೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬೇರೆ, ಅದಕ್ಕೆ ವಾಸನೆಯೂ ಇಲ್ಲ. ಈಕೋದ ಹಿಂದಿನ ಡೋರ್ ಮೇಲಕ್ಕೆ ಎತ್ತುವಂಥದ್ದು. ಎತ್ತಿದರೆ ಸೂರಿನ ಹಾಗೆ ನಿಲ್ಲುತ್ತದೆ, ಸಣ್ಣ ಮಳೆಗೂ ಸಾಕು. ಒಲೆಯನ್ನು ಹೊರಗೆ ಎಳೆಯುವ ಡ್ರಾಯರ್ ಮೇಲಿಟ್ಟು ಅದರ ಕೆಳಗೆ ನಿಂತು ಅಡುಗೆ ಮಾಡಿ.

ಕರೆಂಟ್ ಬಗ್ಗೆ ಅಂಗಡಿಯವರು ದೊಡ್ಡ ಲೆಕ್ಕ ಹೇಳುತ್ತಾರೆ. ನಿಮ್ಮ ಲೆಕ್ಕ ನೀವೇ ಹಾಕಿ. 20 ವಾಟ್‌ನ 12 ವೋಲ್ಟ್ ಫ್ಯಾನ್ ಎಂಟು ಗಂಟೆಗೆ 160 ವಾಟ್-ಅವರ್. ದೀಪ, ಎರಡು ಮೊಬೈಲು ಸೇರಿ ಇನ್ನೊಂದು 50. ಫ್ರಿಡ್ಜ್ ಬೇಡ ಅಂದರೆ 12 ವೋಲ್ಟಿನ 50 ಆಂಪಿಯರ್-ಅವರ್‌ನ, ಅಂದರೆ ಸುಮಾರು 600 ವಾಟ್-ಅವರ್‌ನ ಲಿಥಿಯಂ ಬ್ಯಾಟರಿ ಬಿಸಿಲೇ ಬರದಿದ್ದರೂ ಎರಡು ರಾತ್ರಿ ಆರಾಮಾಗಿ ಎಳೆಯುತ್ತದೆ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಇದನ್ನೆಲ್ಲ ಹಾಕಬೇಡಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಇಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಗಾಡಿ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಒಳಗೆ ಬಿಸಿ ಇರುತ್ತದೆ. ಕಿಟಕಿ ತೆಗೆದಿಡಲೇಬೇಕು, ಮಂಡ್ಯ ಕಡೆಯ ವಿಸಿ ನಾಲೆಯ ಗದ್ದೆ ಬಯಲಿನಲ್ಲಾದರೆ ಸೊಳ್ಳೆ ಬಿಡುವುದಿಲ್ಲ. ನೈಲಾನ್ ಪರದೆಯ ಅಂಚಿಗೆ ಸಣ್ಣ ಆಯಸ್ಕಾಂತ ಸೇರಿಸಿ ಟೈಲರ್ ಹತ್ತಿರ ಹೊಲಿಸಿ. ಕಿಟಕಿಯ ಹೊರಗಿನಿಂದ ತಗಡಿಗೆ ಅಂಟಿಸಿದರೆ ಸಾಕು, ಒಂದು ತೂತೂ ಕೊರೆಯಬೇಕಿಲ್ಲ.

ಮೊದಲ ಟ್ರಿಪ್ಪಿಗೇ ಊಟಿ ಅಥವಾ ವಯನಾಡು ಅಂದುಕೊಂಡಿದ್ದರೆ ಒಂದು ಮಾತು. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಕಾಡಿನೊಳಗೆ ನಿಲ್ಲಿಸುವ ಹಾಗೂ ಇಲ್ಲ. ಸಂಜೆ ತಡವಾಯಿತು ಅನ್ನಿಸಿದರೆ ಗುಂಡ್ಲುಪೇಟೆಯಲ್ಲೇ ರಾತ್ರಿ ಕಳೆಯಿರಿ. ಊಟಿಗಾದರೆ ಇ-ಪಾಸ್ ಮನೆಯಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳಿ.